ನೀರಿನಂತಿದ್ದ ಮೂತ್ರ, ಹಳದಿಯಾಗಿಯೇ ಉಳಿದ ಸ್ಟ್ರಿಪ್: ಅಂಕೋಲಾ ಕಡೆಯ ಒಂದು ಕಿಡ್ನಿ ಪ್ರಕರಣ

ಅಂಕೋಲಾ ಮತ್ತು ಕಾರವಾರದ ನಡುವೆ ಹೆದ್ದಾರಿಯಿಂದ ಕಡಲಿನ ಕಡೆ ಇಳಿದರೆ ಒಂದು ಮೀನುಗಾರರ ಕೇರಿ ಇದೆ. ಅಲ್ಲಿನ ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಕೇರಿಯವರಿಗೆ ನಾನು ಬರೀ ‘ಸಿಸ್ಟರು’. ಈ ಪ್ರಕರಣ ನನ್ನ ಕಣ್ಣೆದುರೇ ನಡೆದದ್ದು, ಮೊದಲ ತಪ್ಪೂ ನನ್ನದೇ. ಬರೆಯುತ್ತೇನೆ ಎಂದಾಗ ಅವರು ಒಪ್ಪಿದರು. ಹೆಸರು ಬೇಡ, ಕೇರಿಯ ಹೆಸರೂ ಬೇಡ ಎಂದರು. ಹಾಗಾಗಿ ಇಲ್ಲಿ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ದಿನವೂ ಕರೆಯುವುದು ಹಾಗೆಯೇ.

ಮೊದಲ ದಿನ

2024ರ ಜೂನ್ 12. ಮೀನುಗಾರಿಕೆ ನಿಷೇಧ ಶುರುವಾಗಿ ಹನ್ನೆರಡು ದಿನ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಕೇರಿಯ ಹೆಂಗಸರಿಗೆ ಸ್ವಲ್ಪ ಬಿಡುವು. ವರ್ಷವಿಡೀ ಮುಂದೂಡಿದ ನೋವುಗಳನ್ನೆಲ್ಲ ಹಿಡಿದುಕೊಂಡು ಅವರು ಉಪಕೇಂದ್ರಕ್ಕೆ ಬರುವುದು ಆಗಲೇ.

ಅಕ್ಕನಿಗೆ 54 ವರ್ಷ. ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಶುಗರ್ ಬಂದು ಒಂಬತ್ತು ವರ್ಷ, ಬಿಪಿ ನಾಲ್ಕು ವರ್ಷ. ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಬಿಪಿಗೆ ಆಮ್ಲೋಡಿಪಿನ್. ಏಪ್ರಿಲ್‌ನಲ್ಲಿ ಬಿಪಿ ಜಾಸ್ತಿ ಇದ್ದ ಕಾರಣ ಆಮ್ಲೋಡಿಪಿನ್ 5ರಿಂದ 10 ಮಿ.ಗ್ರಾಂಗೆ ಏರಿತ್ತು.

“ಎಂತದೂ ಇಲ್ಲ ಸಿಸ್ಟರೇ, ಕಾಲು ಸ್ವಲ್ಪ ಬಾತದೆ. ನಂಜು ಆಗಿರಬೇಕು. ಮಂಡಿನೋವು ಮಾತ್ರ ಜಾಸ್ತಿ, ಕೂತ್ಕಂಡ್ರೆ ಏಳೂಕೆ ಆಗೂದಿಲ್ಲ” ಎಂದರು.

ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಗುಳಿ ಬಿದ್ದದ್ದು ಹಾಗೇ ಉಳಿಯಿತು. ಬಿಪಿ 156/94. ಊಟವಾದ ಮೇಲಿನ ಶುಗರ್ 212. ತೂಕ 61 ಕಿಲೋ.

ಶುಗರ್ ಇರುವವರ ಕಾಲು ಬಾತರೆ ಮೂತ್ರ ನೋಡಬೇಕು. ಉಪಕೇಂದ್ರದಲ್ಲಿ ನಮಗೆ ಸಿಗುವುದು ಎರಡು ಚೌಕಗಳ ಸ್ಟ್ರಿಪ್, ಒಂದು ಆಲ್ಬುಮಿನ್‌ಗೆ, ಒಂದು ಸಕ್ಕರೆಗೆ. ಅದು ಮುಖ್ಯವಾಗಿ ಬಸುರಿಯರ ತಪಾಸಣೆಗೆಂದು ಬರುವ ಬಾಟಲಿ. ಅದರಲ್ಲೇ ಒಂದನ್ನು ತೆಗೆದೆ. ಅಕ್ಕನಿಗೆ ಚಿಕ್ಕ ಡಬ್ಬಿ ಕೊಟ್ಟೆ.

“ಈಗ ಒಂದಕ್ಕೆ ಬರೂದಿಲ್ಲ” ಎಂದರು. ಒಂದು ಬಾಟಲಿ ನೀರು ಕುಡಿಸಿದೆ. ಆಶಾ ಕಾರ್ಯಕರ್ತೆ ಚಹಾ ತರಿಸಿದರು. ಮುಕ್ಕಾಲು ಗಂಟೆ ಕಳೆಯಿತು, ಅಷ್ಟರಲ್ಲಿ ಇನ್ನೆರಡು ಲೋಟ ನೀರು. ಹನ್ನೊಂದೂವರೆಗೆ ಡಬ್ಬಿ ಬಂತು. ಒಳಗಿದ್ದದ್ದು ಬಾವಿ ನೀರಿನಷ್ಟೇ ಬಿಳಿ. ನಾನು ಅದನ್ನು ನೋಡಿದೆ. ನೋಡಿಯೂ ಯೋಚಿಸಲಿಲ್ಲ.

ಸ್ಟ್ರಿಪ್ ಅದ್ದಿ ತೆಗೆದೆ, ಡಬ್ಬಿಯ ಅಂಚಿಗೆ ತಾಗಿಸಿ ಹನಿ ಇಳಿಸಿದೆ, ಒಂದು ನಿಮಿಷ ಕಾದೆ. ಆಲ್ಬುಮಿನ್ ಚೌಕ ಹಳದಿಯಾಗಿಯೇ ಇತ್ತು. ಅಂಚಿನಲ್ಲಿ ಒಂದು ಚೂರು ಹಸಿರು ಛಾಯೆ ಇದ್ದಂತೆ ಕಂಡಿತು. ಹೊರಗೆ ಮಳೆ ಮೋಡ, ಒಳಗೆ ಟ್ಯೂಬ್‌ಲೈಟ್. ಬೆಳಕಿನ ದೋಷ ಎಂದುಕೊಂಡು ರಿಜಿಸ್ಟರ್‌ನಲ್ಲಿ ‘ಆಲ್ಬುಮಿನ್ ನಿಲ್’ ಎಂದು ಬರೆದೆ.

ಡಾಕ್ಟರಿಗೆ ಫೋನ್ ಮಾಡಿದೆ. ಕಾಲಿನ ಬಾವು ಇದೆ, ಮೂತ್ರದಲ್ಲಿ ಆಲ್ಬುಮಿನ್ ಇಲ್ಲ ಎಂದೆ. ಆಮ್ಲೋಡಿಪಿನ್ 10 ಮಿ.ಗ್ರಾಂ ತೆಗೆದುಕೊಳ್ಳುವ ಎಷ್ಟೋ ಜನರಿಗೆ ಪಾದ ಬಾಯುತ್ತದೆ. ಇವರಿಗೆ ಡೋಸ್ ಏರಿಸಿದ್ದು ಏಪ್ರಿಲ್‌ನಲ್ಲಿ, ಬಾವು ಕಂಡದ್ದು ಮೇ ಕೊನೆಯಲ್ಲಿ. ಲೆಕ್ಕ ಸರಿಯಾಗಿ ಕೂತಿತು. “ಗುಳಿಗೆಯಿಂದಲೇ ಇರಬೇಕು, 5ಕ್ಕೆ ಇಳಿಸಿ, ಎರಡು ವಾರ ನೋಡೋಣ” ಎಂದರು. ನಾನು ಕೊಟ್ಟ ಮಾಹಿತಿಗೆ ಅದು ಸರಿಯಾದ ಉತ್ತರವೇ. ಮಾಹಿತಿ ಸರಿ ಇರಲಿಲ್ಲ ಅಷ್ಟೇ.

ಆ ಹಳದಿ ಚೌಕ ಹೇಳುವುದೇನು

ಕಿಡ್ನಿ ರಕ್ತ ಸೋಸುತ್ತದೆ. ಬೇಡದ್ದು, ಹೆಚ್ಚಿನ ನೀರು ಮೂತ್ರಕ್ಕೆ ಹೋಗಬೇಕು. ಆಲ್ಬುಮಿನ್ ಎಂಬ ಪ್ರೋಟೀನ್ ರಕ್ತದಲ್ಲೇ ಉಳಿಯಬೇಕು. ಸೋಸುವ ಜಾಗ ಕೆಟ್ಟಾಗ ಆಲ್ಬುಮಿನ್ ಜಾರಿ ಮೂತ್ರಕ್ಕೆ ಇಳಿಯುತ್ತದೆ. ಚೌಕದಲ್ಲಿರುವ ಬಣ್ಣ ಹುಳಿ ಅಂಶದಲ್ಲಿ ಹಳದಿಯಾಗಿರುತ್ತದೆ. ಆ ಹುಳಿಯನ್ನು ಚೌಕದೊಳಗೇ ಕಟ್ಟಿಟ್ಟಿರುತ್ತಾರೆ. ಆಲ್ಬುಮಿನ್ ಬಂದು ಬಣ್ಣಕ್ಕೆ ಅಂಟಿದರೆ ಹಳದಿ ತಿಳಿ ಹಸಿರಾಗುತ್ತದೆ, ಜಾಸ್ತಿ ಇದ್ದರೆ ನೀಲಿ ಬೆರೆತ ಹಸಿರಾಗುತ್ತದೆ. ಒಂದು ಡೆಸಿಲೀಟರ್ ಮೂತ್ರದಲ್ಲಿ ಸುಮಾರು 30 ಮಿ.ಗ್ರಾಂ ಇದ್ದರೆ 1+, 100 ಇದ್ದರೆ 2+, 300 ಇದ್ದರೆ 3+.

ಇಲ್ಲಿ ಎರಡು ಮಾತು ಬಿಡಿಸಿ ಹೇಳಲೇಬೇಕು. ನಾನೇ ಇವನ್ನು ಕಲಿತದ್ದು ತಡವಾಗಿ.

ಒಂದು, ಸ್ಟ್ರಿಪ್ ಅಳೆಯುವುದು ಎಷ್ಟು ನೀರಿಗೆ ಎಷ್ಟು ಆಲ್ಬುಮಿನ್ ಎಂಬುದನ್ನು. ಅದೇ ಸೋರಿಕೆಗೆ ನಾಲ್ಕು ಪಟ್ಟು ನೀರು ಬೆರೆತರೆ 2+ ಇದ್ದದ್ದು 1+ಗಿಂತಲೂ ಕೆಳಗೆ ಇಳಿಯುತ್ತದೆ. ಆಸ್ಪತ್ರೆಯ ಹತ್ತು ಚೌಕದ ಸ್ಟ್ರಿಪ್‌ನಲ್ಲಿ ಮೂತ್ರ ಎಷ್ಟು ತೆಳು ಎಂದು ಹೇಳುವ ಚೌಕವೂ ಇರುತ್ತದೆ. ನಮ್ಮ ಎರಡು ಚೌಕದ್ದರಲ್ಲಿ ಅದಿಲ್ಲ. ಅಲ್ಲಿ ನಮ್ಮ ಕಣ್ಣೇ ಆ ಕೆಲಸ ಮಾಡಬೇಕು.

ಇನ್ನೊಂದು, ‘ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ’ ಎಂದು ಈ ಸ್ಟ್ರಿಪ್ ಹೇಳುವುದಿಲ್ಲ. ಸೋರಿಕೆ ಇದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ. ಕೆಲಸದ ಲೆಕ್ಕ ಸಿಗಬೇಕಾದರೆ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಒಂದು ಕಸ, ಎಷ್ಟಿದೆ ಎಂದು ನೋಡಬೇಕು. ಸೋರಿಕೆ ಜೋರಾಗಿದ್ದೂ ಕ್ರಿಯಾಟಿನಿನ್ ಸರಿ ಇರುವವರಿದ್ದಾರೆ. ಕ್ರಿಯಾಟಿನಿನ್ ಏರಿದ್ದೂ ಸ್ಟ್ರಿಪ್ ಹಳದಿಯಾಗಿಯೇ ಇರುವವರೂ ಇದ್ದಾರೆ.

ನೊರೆ, ಎರಡು ಬಾಟಲಿ, ಸ್ಪಿರಿಟ್ ದೀಪ

ಜೂನ್ 24ಕ್ಕೆ ಆಶಾ ಕಾರ್ಯಕರ್ತೆ ಅಕ್ಕನ ಮನೆಗೆ ಹೋಗಿದ್ದರು. ಆಮ್ಲೋಡಿಪಿನ್ ಅರ್ಧಕ್ಕಿಳಿದು ಹನ್ನೆರಡು ದಿನ ಆಗಿತ್ತು, ಬಾವು ಇಳಿದಿರಲಿಲ್ಲ. ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೂ ಉಬ್ಬು. ಸೊಸೆ ಇನ್ನೊಂದು ಮಾತು ಸೇರಿಸಿದಳು. “ಅತ್ತೆ ಒಂದಕ್ಕೆ ಹೋಗಿ ಬಂದ್ರೆ ಸೋಪು ಹಾಕ್ದಂಗೆ ನೊರೆ ನಿಲ್ತದೆ. ಎರಡು ಸಲ ನೀರು ಹಾಕೂಕೆ ಬೇಕು.”

ಉಷ್ಣಕ್ಕೆ ಹೀಗಾಗುತ್ತದೆ ಎಂದು ಮನೆಯವರು ಎಳನೀರು, ಮುರುಗಲು ಪಾನಕ ಕೊಡುತ್ತಿದ್ದರಂತೆ. ಆಶಾ ಕಾರ್ಯಕರ್ತೆ ಈ ನೊರೆಯ ಮಾತನ್ನು ನನಗೆ ಫೋನಿನಲ್ಲಿ ಹೇಳಿದಾಗ ಜೂನ್ 12ರ ಆ ಬಿಳಿ ಡಬ್ಬಿ ಕಣ್ಣ ಮುಂದೆ ಬಂತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಎರಡು ಬಾಟಲಿ ತರಲು ಹೇಳಿದೆ. ಒಂದರಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಹೋದ ಮೂತ್ರ. ಮೊದಲ ಧಾರೆ ಬಿಟ್ಟು, ನಡುವಿನದ್ದು ಹಿಡಿಯಬೇಕು. ಇನ್ನೊಂದು ಹನ್ನೊಂದು ಗಂಟೆಗೆ, ನೀರು ಕುಡಿದ ಮೇಲೆ, ಉಪಕೇಂದ್ರದಲ್ಲೇ. ಜೂನ್ 12ರಂದು ಏನಾಗಿತ್ತು ಎಂದು ನನಗೇ ಖಾತ್ರಿ ಆಗಬೇಕಿತ್ತು.

ಈ ಸಲ ಸ್ಟ್ರಿಪ್ ಓದಿದ್ದು ಹೊರಗಿನ ಜಗಲಿಯ ಬೆಳಕಿನಲ್ಲಿ, ಬಾಟಲಿಯ ಮೇಲಿನ ಬಣ್ಣದ ಪಟ್ಟಿಯನ್ನು ಪಕ್ಕದಲ್ಲೇ ಹಿಡಿದು. ಬೆಳಗಿನ ಮೂತ್ರದಲ್ಲಿ ಅದ್ದಿದ ಚೌಕ ಇಪ್ಪತ್ತು ಸೆಕೆಂಡಿಗೇ ತಿರುಗತೊಡಗಿತು. ನಿಮಿಷ ತುಂಬುವಾಗ ಎಳೆ ಬಾಳೆ ಎಲೆಯ ಹಸಿರು ದಾಟಿ ಗಾಢ ಹಸಿರು. 2+. ಹನ್ನೊಂದು ಗಂಟೆಯದ್ದು? ಹಳದಿ. ಅಂಚಿನಲ್ಲಿ ಅದೇ ಚೂರು ಹಸಿರು. ಅಂದರೆ ಅಂದು ಕಂಡದ್ದು ಟ್ಯೂಬ್‌ಲೈಟ್‌ನ ದೋಷ ಅಲ್ಲ, ‘ಟ್ರೇಸ್’ (1+ಗಿಂತ ಕೆಳಗಿನ ಚೂರು ಆಲ್ಬುಮಿನ್) ಆಗಿತ್ತು.

ಸ್ಟ್ರಿಪ್ ಬಗ್ಗೆಯೂ ನನಗೆ ಅನುಮಾನ ಇತ್ತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ. ಸ್ಟ್ರಿಪ್ ಬಾಟಲಿಯ ಮುಚ್ಚಳ ಹತ್ತು ನಿಮಿಷ ತೆರೆದಿಟ್ಟರೂ ಚೌಕಗಳು ತೇವ ಎಳೆದುಕೊಳ್ಳುತ್ತವೆ. ಒಳಗಿರುವ ತೇವ ಹೀರುವ ಪೊಟ್ಟಣವನ್ನು ಎಷ್ಟೋ ಜನ ಎಸೆದುಬಿಡುತ್ತಾರೆ. ಅದನ್ನು ಎಸೆಯಲೇಬಾರದು. ಫ್ರಿಜ್‌ನಲ್ಲೂ ಇಡಬಾರದು. ಈಗ ನಾನು ಬಾಟಲಿ ತೆರೆದ ತಾರೀಖನ್ನು ಅದರ ಮೇಲೆ ಪೆನ್ನಿನಲ್ಲಿ ಬರೆದಿಡುತ್ತೇನೆ. ಒಂದು ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಳ ಹಾಕಿ, ಆಮೇಲೆ ಅದ್ದುತ್ತೇನೆ.

ಅನುಮಾನ ತೀರಿಸಿಕೊಳ್ಳಲು ಹಳೇ ವಿಧಾನ ಒಂದಿದೆ. ನನಗೆ ಇದನ್ನು ಕಲಿಸಿದವರು ನಿವೃತ್ತರಾದ ಹಿರಿಯ ನರ್ಸಮ್ಮ. ಸ್ಟ್ರಿಪ್ ಇಲ್ಲದ ಕಾಲದಲ್ಲಿ ಅವರು ಎಲ್ಲ ಬಸುರಿಯರ ಮೂತ್ರವನ್ನೂ ಕಾಯಿಸಿಯೇ ನೋಡುತ್ತಿದ್ದರು. ಗಾಜಿನ ನಳಿಗೆಯಲ್ಲಿ ಮುಕ್ಕಾಲು ಮೂತ್ರ ತುಂಬಿ, ಓರೆಯಾಗಿ ಹಿಡಿದು, ಮೇಲಿನ ಭಾಗವನ್ನು ಮಾತ್ರ ಸ್ಪಿರಿಟ್ ದೀಪಕ್ಕೆ ಹಿಡಿಯುವುದು. ಕೆಳಗಿನ ಭಾಗ ಕಾಯದೇ ಉಳಿದರೆ ಹೋಲಿಸಿ ನೋಡಲು ಸಿಗುತ್ತದೆ. ಬಿಳಿ ಮೋಡ ಕಟ್ಟಿದರೆ ಎರಡು ಮೂರು ಹನಿ ಅಸಿಟಿಕ್ ಆಮ್ಲ. ಮೋಡ ಕರಗಿದರೆ ಅದು ಫಾಸ್ಫೇಟ್, ಹೆದರುವಂಥದ್ದಲ್ಲ. ಕರಗದೆ ಉಳಿದರೆ ಪ್ರೋಟೀನ್. ಮೊಟ್ಟೆಯ ಬಿಳಿ ಬೆಂದರೆ ಗಟ್ಟಿಯಾಗುವುದಿಲ್ಲವೇ, ಹಾಗೆಯೇ.

ಬೆಳಗಿನ ಬಾಟಲಿಯದ್ದನ್ನು ಕಾಯಿಸಿದೆ. ಮೇಲ್ಭಾಗ ಗಂಜಿ ತಿಳಿಯಂತೆ ಬೆಳ್ಳಗಾಯಿತು. ಆಮ್ಲ ಹಾಕಿದೆ, ಕರಗಲಿಲ್ಲ. ಹನ್ನೊಂದರ ಬಾಟಲಿಯದ್ದರಲ್ಲಿ ಕಪ್ಪು ರಿಜಿಸ್ಟರ್ ಹಿಂದೆ ಹಿಡಿದು ನೋಡಿದರೆ ಮಾತ್ರ ಒಂದು ಎಳೆ ಮಬ್ಬು ಕಂಡಿತು. ಅಕ್ಕ ಎರಡೂ ನಳಿಗೆಗಳನ್ನು ನೋಡುತ್ತ ನಿಂತಿದ್ದರು.

“ಹಂಗಾದ್ರೆ ಒಳಗಿನ ಬಲೆ ಹರ್ದದೆ ಅನ್ನಿ” ಎಂದರು.

ಹೌದು ಅಕ್ಕ ಎಂದೆ. ಎಷ್ಟು ಬಲೆ ಉಳಿದಿದೆ ಎಂದು ನೋಡಲು ರಕ್ತ ಕೊಡಬೇಕು ಎಂದೆ. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲು ಆಗುತ್ತಿರಲಿಲ್ಲ.

ಈ ಕಾಯಿಸಿ ನೋಡುವ ವಿಧಾನಕ್ಕೆ ಎರಡು ಶತಮಾನದ ಚರಿತ್ರೆ ಇದೆ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ ಚಮಚದಲ್ಲಿ ಮೂತ್ರ ಹಾಕಿ ಮೇಣದ ಬತ್ತಿಯ ಮೇಲೆ ಹಿಡಿಯುತ್ತಿದ್ದರು. ಮೈ ಬಾವು, ಮೂತ್ರದ ಆಲ್ಬುಮಿನ್, ಕೆಟ್ಟ ಕಿಡ್ನಿ ಈ ಮೂರೂ ಒಂದೇ ಕಾಯಿಲೆಯ ಮುಖಗಳು ಎಂದು ಅವರು 1827ರಲ್ಲಿ ಬರೆದರು. ಅದ್ದಿ ಓದುವ ಸಕ್ಕರೆ ಸ್ಟ್ರಿಪ್ 1956ರಲ್ಲಿ ಬಂತು. ಅದರ ಹಿಂದೆ ಇದ್ದವರು ಅಮೆರಿಕದ ಹೆಲೆನ್ ಫ್ರೀ ಮತ್ತು ಅವರ ಪತಿ ಆಲ್ಫ್ರೆಡ್ ಫ್ರೀ. ಪ್ರೋಟೀನ್ ಸ್ಟ್ರಿಪ್ ಅದರ ಬೆನ್ನಿಗೇ ಬಂತು. ಬ್ರೈಟ್ ಅವರ ಚಮಚ ನಮ್ಮ ನರ್ಸಮ್ಮನ ಸ್ಪಿರಿಟ್ ದೀಪದವರೆಗೆ ಬಂದಿದೆ ಎಂದು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಪ್ಲಾಸ್ಟಿಕ್ ಚೀಲ

2+ ಬಂದ ಕೂಡಲೇ ಕಿಡ್ನಿ ಕಾಯಿಲೆ ಎಂದು ಬರೆಯುವಂತಿಲ್ಲ. ಜ್ವರ ಇದ್ದರೂ, ಮೂತ್ರದ ಸೋಂಕಿದ್ದರೂ, ಮೈಮುರಿದು ದುಡಿದ ದಿನವೂ ಪ್ರೋಟೀನ್ ಕಾಣಿಸಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಇಲಿ ಜ್ವರದ ಭಯ ಬೇರೆ, ಅದು ನೇರವಾಗಿ ಕಿಡ್ನಿಗೇ ಹೊಡೆಯುತ್ತದೆ. ಅಕ್ಕನಿಗೆ ಜ್ವರ ಇರಲಿಲ್ಲ, ಉರಿಮೂತ್ರ ಇರಲಿಲ್ಲ, ಮಾಂಸಖಂಡದ ನೋವಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದೂ ಕೇಳಿದೆ, ಹೃದಯದ ತೊಂದರೆಗೂ ಕಾಲು ಬಾಯುತ್ತದಲ್ಲ. ಅದೂ ಇಲ್ಲ. ಒಂದು ವಾರ ಬಿಟ್ಟು ಜುಲೈ 3ಕ್ಕೆ ಮತ್ತೆ ಬೆಳಗಿನ ಮೂತ್ರ ನೋಡಿದೆ. ಮತ್ತೆ 2+.

ಗುಳಿಗೆಗಳನ್ನೆಲ್ಲ ತನ್ನಿ ಎಂದು ಜೂನ್ 25ರಂದೇ ಹೇಳಿದ್ದೆ. ಸೊಸೆ ಒಂದು ಪ್ಲಾಸ್ಟಿಕ್ ಚೀಲ ಮೇಜಿನ ಮೇಲೆ ಸುರಿದಳು. ಶುಗರ್, ಬಿಪಿ ಗುಳಿಗೆಗಳ ಜೊತೆ ಖಾಲಿಯಾದ ಇನ್ನೊಂದು ರಾಶಿ. ಅಸಿಕ್ಲೋಫೆನಾಕ್ ಇರುವ ನೋವಿನ ಗುಳಿಗೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಎಷ್ಟು ದಿನದಿಂದ?

“ದಸರಾದಿಂದ. ಅದು ತಗಂಡ್ರೆ ಮಾತ್ರ ಬುಟ್ಟಿ ಹೊರೂಕೆ ಆಗ್ತದೆ.”

ದಸರಾ ಅಂದರೆ ಎಂಟು ತಿಂಗಳು. ಚೀಟಿ ಬರೆದವರು ಯಾರೂ ಇಲ್ಲ. ಮೆಡಿಕಲ್ ಅಂಗಡಿಯಲ್ಲಿ ಹಳೇ ಖಾಲಿ ಪಟ್ಟಿ ತೋರಿಸಿ ತರುತ್ತಿದ್ದರು. ಕಿಡ್ನಿಗೆ ರಕ್ತ ಒಯ್ಯುವ ನಳಿಕೆಗಳನ್ನು ಅಗಲವಾಗಿ ಇಡುವ ಕೆಲವು ವಸ್ತುಗಳು ನಮ್ಮ ಮೈಯಲ್ಲಿವೆ. ಈ ಜಾತಿಯ ನೋವಿನ ಗುಳಿಗೆಗಳು ಅವನ್ನೇ ತಡೆಯುತ್ತವೆ. ಶುಗರ್, ಬಿಪಿಯಿಂದ ಮೊದಲೇ ಸೋತ ಕಿಡ್ನಿಗೆ ರಕ್ತವೂ ಕಡಿಮೆಯಾಗುತ್ತದೆ. ಬಿಪಿ ಏರುತ್ತದೆ, ನೀರು ಮೈಯಲ್ಲಿ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಬಿಪಿ ಇಳಿಯಲಿಲ್ಲ ಎಂದು ಆಮ್ಲೋಡಿಪಿನ್ ಏರಿಸಿದ್ದೆವು. ಆ ಏರಿದ ಬಿಪಿಯ ಒಂದು ಪಾಲು ಈ ಚೀಲದಲ್ಲೇ ಇತ್ತು. ಜೂನ್ 12ರಂದು ಮಂಡಿನೋವಿಗೆ ಏನು ತಗೊಳ್ತೀರಿ ಎಂದು ಒಂದು ಮಾತು ಕೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಅಂದೇ ಅದನ್ನು ನಿಲ್ಲಿಸಿದೆವು. ನೋವಿಗೆ ಪ್ಯಾರಾಸಿಟಮಾಲ್, ಬಿಸಿ ಶಾಖ, ಕೂತಲ್ಲೇ ಮಾಡುವ ಮಂಡಿಯ ವ್ಯಾಯಾಮ. ಪಕ್ಕದ ಮನೆಯವರು ಬಿಪಿಗೆ ಒಳ್ಳೆಯದೆಂದು ಬಿಂಬ್ಲಿ ಕಾಯಿಯ ರಸ ಕುಡಿಯಲು ಹೇಳಿದ್ದರಂತೆ, ಅಕ್ಕ ಇನ್ನೂ ಶುರು ಮಾಡಿರಲಿಲ್ಲ. ಪುಣ್ಯ. ಮೀನಿನ ಪದಾರ್ಥಕ್ಕೆ ಎರಡು ಬಿಂಬ್ಲಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ಅದರಲ್ಲಿ ಕಿಡ್ನಿಯಲ್ಲಿ ಹರಳು ಕಟ್ಟುವ ಆಕ್ಸಲೇಟ್ ತುಂಬಾ ಇದೆ. ಬಿಂಬ್ಲಿ ರಸ ಕುಡಿದು ಕಿಡ್ನಿಗೆ ಏಕಾಏಕಿ ಪೆಟ್ಟು ಬಿದ್ದವರ ಪ್ರಕರಣಗಳನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ. ಅದರದ್ದೇ ಜಾತಿಯ ಕರಂಬಲವೂ (ಸ್ಟಾರ್ ಫ್ರೂಟ್) ಕಿಡ್ನಿ ಕಾಯಿಲೆ ಇದ್ದವರಿಗೆ ವಿಷವೇ.

1.4 ಅಂದರೆ ಎಷ್ಟು

ಜುಲೈ 5ಕ್ಕೆ ರಕ್ತ ಕೊಟ್ಟರು. ಕ್ರಿಯಾಟಿನಿನ್ 1.4, ಪೊಟ್ಯಾಸಿಯಂ 4.6. ರಿಪೋರ್ಟಿನ ಪಕ್ಕದಲ್ಲಿ ಸರಿಯಾದ ಮಟ್ಟ 1.1ರವರೆಗೆ ಎಂದಿತ್ತು. “1.1ಕ್ಕೆ 1.4, ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ?” ಎಂದು ಮಗ ಕೇಳಿದ.

ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಕ್ರಿಯಾಟಿನಿನ್ ನೇರ ಲೆಕ್ಕದಲ್ಲಿ ಏರುವುದಿಲ್ಲ. ಕಿಡ್ನಿಯ ಶಕ್ತಿ ಅರ್ಧ ಹೋಗುವವರೆಗೂ ಅದು ಚೂರು ಚೂರೇ ಏರುತ್ತದೆ, ಆಮೇಲೆ ಜಿಗಿಯುತ್ತದೆ. ಮೈಕಟ್ಟು, ವಯಸ್ಸೂ ಮುಖ್ಯ. ಬೋಟಿನಲ್ಲಿ ಬಲೆ ಎಳೆಯುವ 25ರ ಹುಡುಗನಿಗೆ 1.2 ಇದ್ದರೆ ಅದು ಮಾಮೂಲಿ. 54 ವರ್ಷದ ಹೆಂಗಸಿಗೆ 1.4 ಮಾಮೂಲಿ ಅಲ್ಲ. ವಯಸ್ಸು, ಲಿಂಗ, ಕ್ರಿಯಾಟಿನಿನ್ ಸೇರಿಸಿ ಹಾಕುವ ಲೆಕ್ಕಕ್ಕೆ ಇಜಿಎಫ್‌ಆರ್ ಎನ್ನುತ್ತಾರೆ. ಅಕ್ಕನದ್ದು 45 ಬಂತು. 90ರ ಮೇಲಿದ್ದರೆ ಚೆನ್ನಾಗಿದೆ, 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ, 15ಕ್ಕಿಂತ ಕೆಳಗೆ ಹೋದರೆ ಡಯಾಲಿಸಿಸ್ ಮಾತು ಬರುತ್ತದೆ. ಮಗನಿಗೆ ಈ ಸಂಖ್ಯೆ ಹೇಳಿದ ಮೇಲೆ ಅವನು ಮತ್ತೆ ‘ಸ್ವಲ್ಪ’ ಎನ್ನಲಿಲ್ಲ.

ಉಳಿದದ್ದು ಎಸಿಆರ್. ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಎರಡನ್ನೂ ಅಳೆದು ಒಂದರಿಂದ ಇನ್ನೊಂದನ್ನು ಭಾಗಿಸುವುದು. ನೀರು ಜಾಸ್ತಿ ಕುಡಿದರೆ ಎರಡೂ ಒಟ್ಟಿಗೆ ತೆಳುವಾಗುತ್ತವೆ, ಹಾಗಾಗಿ ಲೆಕ್ಕ ತಪ್ಪುವುದಿಲ್ಲ. ನನ್ನನ್ನು ಮೋಸಗೊಳಿಸಿದ್ದ ನೀರು ಇದನ್ನು ಮೋಸಗೊಳಿಸಲಾರದು.

ಜುಲೈ 17ಕ್ಕೆ ಕುಮಟಾದಲ್ಲಿ ಫಿಜಿಷಿಯನ್ ನೋಡುವುದು, ಎಸಿಆರ್ ಅಲ್ಲೇ ಕೊಡುವುದು ಎಂದು ಗೊತ್ತುಮಾಡಿದ್ದೆವು. 16ರ ಬೆಳಿಗ್ಗೆ ಕುಮಟಾ ದಾರಿಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66 ಮುಚ್ಚಿತು. ಆ ದಿನಗಳಲ್ಲಿ ಈ ಕಡೆ ಯಾರ ಮನಸ್ಸೂ ನೆಟ್ಟಗಿರಲಿಲ್ಲ. ಅಕ್ಕ “ಇಷ್ಟು ಜನ ಹೋದರು, ನನ್ನ ಕಾಲಿನ ಬಾವು ಎಂತ ದೊಡ್ಡದು” ಎಂದು ಆಸ್ಪತ್ರೆಗೇ ಬೇಡ ಎಂದುಬಿಟ್ಟರು. ಎರಡು ಸಲ ಮನೆಗೆ ಹೋಗಿ ಮಾತಾಡಬೇಕಾಯಿತು. ದಕ್ಷಿಣದ ದಾರಿ ಇಲ್ಲದಿದ್ದರೆ ಉತ್ತರಕ್ಕೆ ಹೋಗೋಣ ಎಂದು 22ಕ್ಕೆ ಕಾರವಾರಕ್ಕೆ ಕರೆದುಕೊಂಡು ಹೋದೆವು. ಎಸಿಆರ್ 640. 30ರ ಒಳಗಿರಬೇಕಾದದ್ದು. 300 ದಾಟಿದರೆ ಜೋರು ಸೋರಿಕೆ. ಕಣ್ಣಿನ ಪರದೆಯನ್ನೂ ನೋಡಿದರು. ಶುಗರ್‌ನಿಂದ ಅಲ್ಲೂ ಚುಕ್ಕಿ ಬಿದ್ದಿತ್ತು. ಕಣ್ಣಿನ ಸಣ್ಣ ರಕ್ತನಾಳ ಕೆಟ್ಟಿದ್ದರೆ ಕಿಡ್ನಿಯ ಸೋರಿಕೆಗೂ ಶುಗರ್ ಕಾರಣ ಎನ್ನುವುದಕ್ಕೆ ಬಲ ಬರುತ್ತದೆ.

ಒಣ ಮೀನು

ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಶುರುವಾಯಿತು. ಬಿಪಿ ಇಳಿಸುವುದರ ಜೊತೆ ಸೋಸುವ ಜಾಗದ ಒಳಗಿನ ಒತ್ತಡವನ್ನೂ ಇಳಿಸುವ ಗುಳಿಗೆ ಇದು, ಸೋರಿಕೆ ಕಡಿಮೆಯಾಗುತ್ತದೆ. ಇದನ್ನು ಕೊಟ್ಟ ಎರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಲೇಬೇಕು, ಎರಡೂ ಏರಬಹುದು. ದಿನವೂ ಎಳನೀರು ಬೇಡ ಎಂದದ್ದು ಅದಕ್ಕೇ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಆಗಸ್ಟ್ 8ಕ್ಕೆ ನೋಡಿದರೆ ಕ್ರಿಯಾಟಿನಿನ್ 1.3, ಪೊಟ್ಯಾಸಿಯಂ 4.7.

ಕಷ್ಟವಾದದ್ದು ಉಪ್ಪು. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಹೇಳುವುದು ಸುಲಭ. ಮಳೆಗಾಲದಲ್ಲಿ ಈ ಕೇರಿಯ ಊಟ ಗಂಜಿ, ಒಣ ಬಂಗಡೆ, ಒಣ ಶೆಟ್ಲಿ ಚಟ್ನಿ, ಉಪ್ಪಿನಕಾಯಿ. ಅಕ್ಕನಿಗೆ ಒಣ ಮೀನು ಊಟ ಮಾತ್ರ ಅಲ್ಲ, ನಿಷೇಧದ ಎರಡು ತಿಂಗಳ ಆದಾಯವೂ ಅದೇ. ಒಣ ಮೀನು ಬಿಡಿ ಎಂದು ಸುಮ್ನೆ ಹೇಳಿದರೆ ಆಗುತ್ತದೆಯೇ? ಕೂತು ಮಾತಾಡಿದೆವು. ಮಾರುವುದಕ್ಕೆ ಅಡ್ಡಿಯಿಲ್ಲ. ತಿನ್ನುವುದು ವಾರಕ್ಕೆ ಒಂದು ಸಲ, ಅದನ್ನೂ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ನೆನೆಸಿ. ಆ ದಿನ ಗಂಜಿಗೆ ಬೇರೆ ಉಪ್ಪಿಲ್ಲ, ಉಪ್ಪಿನಕಾಯಿ ಇಲ್ಲ. ಹುಳಿ, ಮೆಣಸು ಬೇಕಾದಷ್ಟು ಹಾಕಿಕೊಳ್ಳಲಿ. ಸೊಸೆ ಒಂದು ಚಮಚ ಉಪ್ಪನ್ನು ಬೆಳಿಗ್ಗೆಯೇ ಅಳೆದು ಚಿಕ್ಕ ಕರಡಿಗೆಯಲ್ಲಿ ಅತ್ತೆಯ ಹೆಸರಿಗೆ ಇಡತೊಡಗಿದಳು. ಅದು ಅವಳದ್ದೇ ಉಪಾಯ. ಸೆಪ್ಟೆಂಬರ್ ಹೊತ್ತಿಗೆ ತೂಕ 57ಕ್ಕೆ ಇಳಿಯಿತು. ಹೋದದ್ದು ಬಹುಪಾಲು ನೀರು.

ಕಂದು ಚೌಕ

ಆಗಸ್ಟ್ ಕೊನೆಗೆ ಫಿಜಿಷಿಯನ್ ಡಾಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ ಸೇರಿಸಿ ಗ್ಲಿಮೆಪಿರೈಡ್ ಅರ್ಧ ಮಾಡಿದರು. ಈ ಗುಳಿಗೆ ಕಿಡ್ನಿ ಕೆಡುವ ವೇಗವನ್ನು ತಗ್ಗಿಸುತ್ತದೆ. 2020ರಲ್ಲಿ ಇದರ ಪೇಟೆಂಟ್ ಮುಗಿದ ಮೇಲೆ ನಮ್ಮ ದೇಶದ ಕಂಪನಿಗಳೂ ಮಾಡುತ್ತಿವೆ, ಬೆಲೆ ಕೈಗೆಟುಕುವಂತಾಗಿದೆ.

ಸೆಪ್ಟೆಂಬರ್ ಮಧ್ಯದಲ್ಲಿ ಸೊಸೆ ಓಡಿಬಂದಳು. ಪೇಟೆಯ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದ್ದರು. ‘ಸಕ್ಕರೆ 4+’ ಎಂದಿತ್ತು. ಒಂಬತ್ತು ವರ್ಷದಲ್ಲಿ ಅಷ್ಟು ಬಂದದ್ದೇ ಇಲ್ಲ. ಹೊಸ ಗುಳಿಗೆಯಿಂದ ಶುಗರ್ ಏರಿತು ಎಂದು ಅಕ್ಕ ಅದನ್ನು ಮೂರು ದಿನದಿಂದ ಬಿಟ್ಟಿದ್ದರು.

ಗುಳಿಗೆ ಮತ್ತೆ ಶುರು ಮಾಡಿಸಿ, ಎರಡು ದಿನ ಬಿಟ್ಟು ಅಕ್ಕನನ್ನು ಕರೆಸಿ ಅವರೆದುರೇ ಸ್ಟ್ರಿಪ್ ಅದ್ದಿದೆ. ತಿಳಿ ನೀಲಿ ಇದ್ದ ಸಕ್ಕರೆಯ ಚೌಕ ಅರ್ಧ ನಿಮಿಷದಲ್ಲಿ ಹಸಿರಾಗಿ ಕಂದಾಯಿತು. ಅದೇ ಹೊತ್ತಿಗೆ ಬೆರಳು ಚುಚ್ಚಿ ನೋಡಿದೆ. ಬರೀ ಹೊಟ್ಟೆಯ ಶುಗರ್ 118. ರಕ್ತದ ಸಕ್ಕರೆಯನ್ನು ಮೂತ್ರಕ್ಕೆ ಬಿಡುವುದೇ ಈ ಗುಳಿಗೆಯ ಕೆಲಸ. ಅದನ್ನು ತೆಗೆದುಕೊಳ್ಳುವವರ ಮೂತ್ರದಲ್ಲಿ ಸಕ್ಕರೆಯ ಚೌಕ ಕಂದಾಗಲೇಬೇಕು. ಶುಗರ್ ಹಿಡಿತದಲ್ಲಿದೆಯೇ ಎಂದು ಅದರಿಂದ ಗೊತ್ತಾಗುವುದಿಲ್ಲ. ಗುಳಿಗೆ ಕೊಟ್ಟ ದಿನವೇ ನಾನು ಇದನ್ನು ಹೇಳಿಡಬೇಕಿತ್ತು. ಈಗ ಅಂಥವರ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೇ ಕಳಿಸುತ್ತೇನೆ. ವಾಂತಿ ಭೇದಿ ಆದ ದಿನ, ಉಪವಾಸದ ದಿನ ಇದನ್ನು ನಿಲ್ಲಿಸಿ ಫೋನ್ ಮಾಡಿ ಎಂಬ ಮಾತೂ ಅದರ ಜೊತೆ.

ಅಕ್ಟೋಬರ್ 21

ಮೊದಲ 2+ ಕಂಡು ಸುಮಾರು ನಾಲ್ಕು ತಿಂಗಳು. ಬಿಪಿ 132/80. ಬೆಳಗಿನ ಮೂತ್ರದಲ್ಲಿ ಆಲ್ಬುಮಿನ್ 1+. ಎಸಿಆರ್ 310. ಕ್ರಿಯಾಟಿನಿನ್ 1.2, ಇಜಿಎಫ್‌ಆರ್ 54. ನೋವಿನ ಗುಳಿಗೆಯಿಂದ ಬಿದ್ದ ಪೆಟ್ಟಿನಲ್ಲಿ ಒಂದು ಪಾಲು ವಾಪಸ್ ಬಂದಿದೆ, ಶುಗರ್‌ನಿಂದ ಆದದ್ದು ಉಳಿದಿದೆ. ಮೂರು ತಿಂಗಳು ದಾಟಿದ್ದರಿಂದ ಈಗ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದೇ ಬರೆಯಬೇಕು, ಬರೆದಿದ್ದೇವೆ. ಮೂರು ತಿಂಗಳಿಗೊಮ್ಮೆ ರಕ್ತ ಮತ್ತು ಎಸಿಆರ್, ವರ್ಷಕ್ಕೊಮ್ಮೆ ಕಣ್ಣು. ಅಕ್ಕ ಬುಟ್ಟಿ ಹೊರುವುದು ಬಿಟ್ಟಿದ್ದಾರೆ. ಸೊಸೆಯ ಸ್ಕೂಟಿಯ ಮುಂದೆ ಟಬ್ ಇಟ್ಟುಕೊಂಡು ಇಬ್ಬರೂ ಮಾರಾಟಕ್ಕೆ ಹೋಗುತ್ತಾರೆ.

ಅಂದು ಅಕ್ಕನ ಜೊತೆ ಅವರ ತಂಗಿಯೂ ಬಂದಿದ್ದರು. 47 ವರ್ಷ, ಶುಗರ್ ಬಂದು ಆರು ವರ್ಷ. ಬಾವು ಇಲ್ಲ, ನೊರೆ ಇಲ್ಲ, ಯಾವ ತೊಂದರೆಯೂ ಇಲ್ಲ. ಅಕ್ಕನೇ ಒತ್ತಾಯ ಮಾಡಿ ಬೆಳಗಿನ ಬಾಟಲಿ ಹಿಡಿಸಿಕೊಂಡು ಬಂದಿದ್ದರು. ಜಗಲಿಯ ಬೆಳಕಿನಲ್ಲಿ ಸ್ಟ್ರಿಪ್ ಅದ್ದಿದೆ. ಮೂತ್ರ ದಪ್ಪ ಹಳದಿ, ತೆಳುವಾಗಿರಲಿಲ್ಲ. ಅಕ್ಕ ತಮ್ಮ ಮೊಬೈಲಿನಲ್ಲಿ ಅರವತ್ತು ಸೆಕೆಂಡ್ ಎಣಿಸಿದರು. ಚೌಕ ಪೂರ್ತಿ ಹಳದಿ.

“ಇವಳದು ಸರಿ ಅದೆ ಅಲ್ಲಾ ಸಿಸ್ಟರೇ?” ಎಂದರು.

ಇರಬಹುದು ಎಂದೆ. ಸೋರಿಕೆ ಸಣ್ಣದಿದ್ದರೆ ಈ ಚೌಕದ ಕಣ್ಣಿಗೆ ಬೀಳುವುದೇ ಇಲ್ಲ. ಶುಗರ್ ಇರುವವರಿಗೆ ಸ್ಟ್ರಿಪ್ ಹಳದಿ ಬಂದರೂ ವರ್ಷಕ್ಕೊಮ್ಮೆ ಎಸಿಆರ್ ಬೇಕು. ತಂಗಿಯದ್ದೂ ಅದೇ ದಿನ ಕಳಿಸಿದೆವು. ನಾಲ್ಕು ದಿನಕ್ಕೆ ರಿಪೋರ್ಟ್ ಬಂತು. ಎಸಿಆರ್ 85, ಕ್ರಿಯಾಟಿನಿನ್ 0.7. ಖಾತ್ರಿಗೆ ಇನ್ನೆರಡು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಬೇಕು. ಅವರ ಮಂಡಿಗೂ ನೋವಿದೆ, ಗುಳಿಗೆಯ ಚೀಲ ತರಲು ಹೇಳಿ ಕಳಿಸಿದ್ದೇನೆ.